ಮಹಡಿಗಳ ನಡುವೆ ಒಂದು ಖಾಲಿ ಪೈಪ್ ಬಿಡಿ

ಸಂಪಾದಕರಿಗೆ,

ಮಾನ್ಯರೇ,

ಮನೆ ಕಟ್ಟುವವರಿಗಾಗಿ ತಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ನೀರಿನ ಕೊಳವೆ ಯಾವ ಗೋಡೆಯಲ್ಲಿ ಇಳಿಯಬೇಕು, ವಿದ್ಯುತ್ತಿನ ಪಾಯಿಂಟುಗಳು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಕಿಟಕಿ ಯಾವ ದಿಕ್ಕಿಗೆ ತೆರೆಯಬೇಕು ಎಂಬುದನ್ನೆಲ್ಲ ಅವು ವಿವರವಾಗಿ ತಿಳಿಸುತ್ತವೆ. ಇಂಟರ್ನೆಟ್ಟಿನ ವಿಷಯ ಮಾತ್ರ ಅಲ್ಲಿ ಬರುವುದೇ ಇಲ್ಲ. ಮನೆ ಕಟ್ಟಿ ಮುಗಿದು, ಬಣ್ಣ ಬಳಿದು, ಜನ ಅದರಲ್ಲಿ ವಾಸಕ್ಕೆ ಬಂದ ಮೇಲೆ ಅದೇ ವಿಷಯ ತಮ್ಮ ತಂತ್ರಜ್ಞಾನದ ಅಂಕಣದಲ್ಲಿ ದೂರಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: ಕೆಳಗಿನ ಮನೆಯಲ್ಲಿ ವೈ-ಫೈ ಚೆನ್ನಾಗಿದೆ, ಮಹಡಿಯ ಕೋಣೆಗಳಲ್ಲಿ ಸಿಗುವುದಿಲ್ಲ, ಏನು ಮಾಡಬೇಕು? ವೈ-ಫೈ ಸಂಕೇತವನ್ನು ಮರುಪ್ರಸಾರ ಮಾಡುವ ಒಂದು ಎಕ್ಸ್‌ಟೆಂಡರ್ ಕೊಂಡು ಹಾಕಿ ಎಂಬುದು ಅಲ್ಲಿ ಸಿಗುವ ಉತ್ತರ. ಈ ಎರಡು ಪುಟಗಳನ್ನು ಸಿದ್ಧಪಡಿಸುವವರು ಪರಸ್ಪರ ಒಮ್ಮೆ ಮಾತನಾಡಿಕೊಂಡರೆ ಆ ಪ್ರಶ್ನೆಯೇ ಬಹುಮಟ್ಟಿಗೆ ಹುಟ್ಟುವುದಿಲ್ಲ ಎಂದು ನನಗೆ ಅನಿಸುತ್ತದೆ. ಮಹಡಿಯಿಂದ ಮಹಡಿಗೆ ಇಂಟರ್ನೆಟ್ ಸಾಗಿಸುವ ಕೆಲಸವನ್ನು ಗಾಳಿಗೆ ಬಿಡದೆ ತಂತಿಗೆ ಒಪ್ಪಿಸಬೇಕು, ಆ ತಂತಿ ಹೋಗುವುದಕ್ಕೆ ಕಾಂಕ್ರೀಟ್ ಹಾಕುವ ಮೊದಲೇ ಒಂದು ಖಾಲಿ ಪೈಪ್ ಬಿಡಬೇಕು ಎಂಬುದಷ್ಟೇ ಈ ಪತ್ರದ ಅಹವಾಲು. ಹಾಗೇಕೆ ಎಂಬುದನ್ನು ಸ್ವಲ್ಪ ವಿವರಿಸಲು ಅವಕಾಶ ಕೋರುತ್ತೇನೆ.

ಮೊದಲು ಚಾವಣಿಯ ವಿಷಯ. ಮನೆಯ ಒಳಗೋಡೆಗಳಿಗೂ ಮಹಡಿಗಳ ನಡುವಿನ ಕಾಂಕ್ರೀಟ್ ಸ್ಲ್ಯಾಬಿಗೂ ರೇಡಿಯೊ ಅಲೆಗಳ ದೃಷ್ಟಿಯಿಂದ ಬಹಳ ವ್ಯತ್ಯಾಸವಿದೆ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್ ಪಟ್ಟಿಯ (ಬ್ಯಾಂಡಿನ) ಅಲೆಯ ಉದ್ದ ಅದರ ಅರ್ಧಕ್ಕೂ ಕಡಿಮೆ. ತೆಳುವಾದ ಇಟ್ಟಿಗೆ ಗೋಡೆಯನ್ನೋ ಮರದ ಬಾಗಿಲನ್ನೋ ಈ ಅಲೆಗಳು ಅಲ್ಪಸ್ವಲ್ಪ ನಷ್ಟದೊಂದಿಗೆ ದಾಟಿಬಿಡುತ್ತವೆ. ಸ್ಲ್ಯಾಬ್ ಹಾಗಲ್ಲ. ನಾಲ್ಕರಿಂದ ಆರು ಅಂಗುಲ ದಪ್ಪದ ಕಾಂಕ್ರೀಟು, ಅದರೊಳಗೆ ಉದ್ದಕ್ಕೂ ಅಡ್ಡಕ್ಕೂ ಹೆಣೆದ ಕಬ್ಬಿಣದ ಕಂಬಿಗಳು, ಮೇಲೆ ಗಾರೆ, ಅದರ ಮೇಲೆ ನೆಲಹಾಸಿನ ಕಲ್ಲು: ಇಷ್ಟನ್ನೂ ಅಲೆ ದಾಟಬೇಕು. ಕಂಬಿಗಳು ಅಲೆಯ ಒಂದು ಭಾಗವನ್ನು ಹಿಂದಕ್ಕೆ ಕಳಿಸಿ ಇನ್ನೊಂದು ಭಾಗವನ್ನು ಚದುರಿಸುತ್ತವೆ. ಕಾಂಕ್ರೀಟು, ಅದರಲ್ಲೂ ಒಳಗೆ ತೇವಾಂಶ ಉಳಿದಿರುವ ಹೊಸ ಕಾಂಕ್ರೀಟು, ಉಳಿದದ್ದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಒಂದು ಸ್ಲ್ಯಾಬ್ ದಾಟುವಾಗ 10ರಿಂದ 20 ಡೆಸಿಬೆಲ್‌ನಷ್ಟು ನಷ್ಟವಾಗುವುದು ಸಾಮಾನ್ಯ. ಡೆಸಿಬೆಲ್ ಲೆಕ್ಕದಲ್ಲಿ 10 ಎಂದರೆ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಉಳಿಯಿತು ಎಂದರ್ಥ, 20 ಎಂದರೆ ನೂರರಲ್ಲಿ ಒಂದು ಪಾಲು. ಎರಡು ಸ್ಲ್ಯಾಬುಗಳನ್ನು ದಾಟಿ ಎರಡನೆಯ ಮಹಡಿಗೆ ಹೋಗುವಷ್ಟರಲ್ಲಿ ಏನು ಉಳಿಯುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು. ಇನ್ನೊಂದು ಮಾತೂ ಇದೆ. ರೂಟರಿನ ನೇರ ಮೇಲಿನ ಕೋಣೆಗೆ ಅಲೆ ಸ್ಲ್ಯಾಬನ್ನು ಲಂಬವಾಗಿ ದಾಟುತ್ತದೆ; ಮನೆಯ ಇನ್ನೊಂದು ಮೂಲೆಯ ಮೇಲ್ಕೋಣೆಗೆ ಓರೆಯಾಗಿ ದಾಟಬೇಕಾಗುವುದರಿಂದ ಅದೇ ಆರು ಅಂಗುಲದ ಸ್ಲ್ಯಾಬಿನಲ್ಲಿ ಅದು ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ.

ತಂತ್ರಜ್ಞಾನ ಮುಂದುವರಿದಂತೆ ಈ ತೊಂದರೆ ತಾನಾಗಿಯೇ ನಿವಾರಣೆಯಾಗುತ್ತದೆ ಎಂದು ನಂಬುವವರಿದ್ದಾರೆ. ಆಗಿರುವುದು ಅದಕ್ಕೆ ವಿರುದ್ಧ. 1997ರಲ್ಲಿ ಬಂದ ಮೊದಲ ವೈ-ಫೈ ಮಾನದಂಡದ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್. ಇಂದಿನ ರೂಟರುಗಳ ಪೆಟ್ಟಿಗೆಯ ಮೇಲೆ ಸಾವಿರಗಳ ಲೆಕ್ಕದ ಸಂಖ್ಯೆಗಳಿರುತ್ತವೆ. ಆದರೆ ಆ ವೇಗದ ಬಹುಭಾಗ ಬಂದಿರುವುದು 5 ಗಿಗಾಹರ್ಟ್ಸ್ ಪಟ್ಟಿಯಿಂದ, ಇತ್ತೀಚಿನ ಉಪಕರಣಗಳಲ್ಲಿ 6 ಗಿಗಾಹರ್ಟ್ಸ್ ಪಟ್ಟಿಯಿಂದ. ಆವರ್ತನ ಹೆಚ್ಚಿದಷ್ಟೂ ಕಾಂಕ್ರೀಟಿನಲ್ಲಿ ಆಗುವ ನಷ್ಟವೂ ಹೆಚ್ಚುತ್ತದೆ. ಹೀಗಾಗಿ ಹೊಸ ರೂಟರು ತಾನಿರುವ ಕೋಣೆಯಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ, ಮೇಲಿನ ಮಹಡಿಯಲ್ಲಿರುವ ಫೋನು ಮಾತ್ರ ಹಳೆಯ, ನಿಧಾನವಾದ, ಅಕ್ಕಪಕ್ಕದ ಎಲ್ಲ ಮನೆಗಳ ಸಂಕೇತಗಳಿಂದ ಕಿಕ್ಕಿರಿದ 2.4 ಗಿಗಾಹರ್ಟ್ಸ್ ಪಟ್ಟಿಗೇ ಇಳಿದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನೋಡಿ ರೂಟರ್ ಬದಲಿಸಿದವರಿಗೆ ಮಹಡಿಯಲ್ಲಿ ಏನೂ ಬದಲಾಗದಿರುವುದರ ಕಾರಣ ಇದೇ.

ಹೆಚ್ಚು ಶಕ್ತಿಯ ರೂಟರ್ ತರಬಹುದಲ್ಲವೇ ಎಂಬ ಪ್ರಶ್ನೆಯೂ ಆಗಾಗ ಕೇಳಿಬರುತ್ತದೆ. ವೈ-ಫೈ ಎಂಬುದು ಬಾನುಲಿಯ ಪ್ರಸಾರದಂತೆ ಒಂದು ಕಡೆಯಿಂದ ಮಾತ್ರ ಹೊರಡುವಂಥದ್ದಲ್ಲ. ರೂಟರ್ ಕಳಿಸಿದ ದತ್ತಾಂಶದ ಪ್ರತಿಯೊಂದು ಕಂತಿಗೂ ಫೋನು ತಲುಪಿತು ಎಂದು ಉತ್ತರಿಸಬೇಕು, ಮತ್ತು ಫೋನಿನ ಪುಟ್ಟ ಆಂಟೆನಾ ಹಾಗೂ ಬ್ಯಾಟರಿಗೆ ರೂಟರಿನಷ್ಟು ಶಕ್ತಿಯಿಂದ ಉತ್ತರಿಸುವುದು ಸಾಧ್ಯವಿಲ್ಲ. ರೂಟರಿನ ಧ್ವನಿಯನ್ನಷ್ಟೇ ಹೆಚ್ಚಿಸಿದರೆ ಫೋನಿನ ಪರದೆಯ ಮೇಲೆ ಸಿಗ್ನಲ್ ಗೆರೆಗಳು ತುಂಬಿ ಕಾಣುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ಅದೂ ಅಲ್ಲದೆ ರೂಟರುಗಳು ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ಎಲ್ಲ ದೇಶಗಳಲ್ಲಿಯೂ ಕಾನೂನಿನ ಮಿತಿಯಿದೆ.

ಆಂಟೆನಾಗಳ ಬಗೆಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಇದು ಖರ್ಚಿಲ್ಲದೆ ಸಿಗುವ ಸುಧಾರಣೆ. ರೂಟರಿನ ಹೊರಗೆ ಕಡ್ಡಿಗಳಂತೆ ನಿಂತಿರುವ ಆಂಟೆನಾ ತನ್ನ ಸುತ್ತಲೂ ಅಡ್ಡಲಾಗಿ ಚೆನ್ನಾಗಿ ಪ್ರಸಾರ ಮಾಡುತ್ತದೆ. ತನ್ನ ತುದಿಯ ದಿಕ್ಕಿಗೆ, ಎಂದರೆ ನೆಟ್ಟಗೆ ನಿಲ್ಲಿಸಿದಾಗ ನೇರ ಮೇಲಕ್ಕೂ ಕೆಳಕ್ಕೂ, ಅತಿ ಕಡಿಮೆ ಪ್ರಸಾರ ಮಾಡುತ್ತದೆ. ಎಲ್ಲ ಕಡ್ಡಿಗಳನ್ನೂ ಶಿಸ್ತಾಗಿ ನೆಟ್ಟಗೆ ನಿಲ್ಲಿಸಿದ ರೂಟರು ತನ್ನ ತಲೆಯ ಮೇಲಿರುವ ಕೋಣೆಯನ್ನೇ ಕಡೆಗಣಿಸಿದಂತಾಗುತ್ತದೆ. ಒಂದೆರಡನ್ನು ಅಡ್ಡಕ್ಕೆ ಬಾಗಿಸಿದರೆ ಮೇಲಿನ ಕೋಣೆಯಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಕಾಣಬಹುದು. ಹೆಚ್ಚು ಗೇನ್, ಎಂದರೆ ಪ್ರಸಾರವನ್ನು ಕೆಲವೇ ದಿಕ್ಕುಗಳಿಗೆ ಕೇಂದ್ರೀಕರಿಸುವ ಗುಣ, ಉಳ್ಳದ್ದೆಂದು ಮಾರುವ ಉದ್ದನೆಯ ಆಂಟೆನಾಗಳು ಈ ಪ್ರಸಾರವನ್ನು ಇನ್ನಷ್ಟು ಚಪ್ಪಟೆಯಾಗಿಸುತ್ತವೆಯಾದ್ದರಿಂದ ಒಂದೇ ಮಹಡಿಯ ವಿಶಾಲ ಮನೆಗೆ ಅವು ಒಪ್ಪುತ್ತವೆ, ಮಹಡಿ ಮನೆಗೆ ಒಪ್ಪುವುದಿಲ್ಲ. ರೂಟರನ್ನು ಮೆಟ್ಟಿಲಿನ ಬಳಿಗೆ ತರುವುದೂ ಪ್ರಯೋಜನಕಾರಿ. ಮನೆಯ ಸ್ಲ್ಯಾಬಿನಲ್ಲಿ ಕಾಂಕ್ರೀಟು ಇಲ್ಲದ ದೊಡ್ಡ ತೆರವು ಎಂದರೆ ಮೆಟ್ಟಿಲ ಜಾಗವೇ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ದೊಡ್ಡ ಕನ್ನಡಿಯ ಎದುರು, ನೀರಿನ ತೊಟ್ಟಿಯ ಕೆಳಗೆ ರೂಟರನ್ನು ಇಡಬಾರದು.

ಈಗ ರಿಪೀಟರ್ ಅಥವಾ ಎಕ್ಸ್‌ಟೆಂಡರ್ ವಿಷಯಕ್ಕೆ ಬರೋಣ. ಗೋಡೆಯ ಸಾಕೆಟ್ಟಿಗೆ ಚುಚ್ಚುವ ಈ ಚಿಕ್ಕ ಸಾಧನವನ್ನು ಜನರು ಬಹುತೇಕ ಸಿಗ್ನಲ್ ಇಲ್ಲದ ಕೋಣೆಯಲ್ಲಿಯೇ ಹಾಕುತ್ತಾರೆ. ನೀರೇ ಇಲ್ಲದ ಬಾವಿಗೆ ಪಂಪು ಇಳಿಸಿದ ಹಾಗೆ ಅದು. ತಾನು ಕೇಳಿಸಿಕೊಂಡದ್ದನ್ನು ಮತ್ತೆ ಹೇಳುವುದಷ್ಟೇ ಅದರ ಕೆಲಸವಾದ್ದರಿಂದ, ತಾನೇ ಅಸ್ಪಷ್ಟವಾಗಿ ಕೇಳಿಸಿಕೊಂಡರೆ ಮೇಲಿನ ಕೋಣೆಗೆ ದಾಟಿಸುವುದಕ್ಕೆ ಅದರ ಬಳಿ ಏನೂ ಇರುವುದಿಲ್ಲ. ಆಗ ಫೋನಿನಲ್ಲಿ ಕಾಣುವ ತುಂಬು ಗೆರೆಗಳು ಫೋನಿಗೂ ರಿಪೀಟರಿಗೂ ನಡುವಿನ ಸಂಬಂಧವನ್ನು ತೋರಿಸುತ್ತವೆಯೇ ಹೊರತು ರಿಪೀಟರಿಗೂ ರೂಟರಿಗೂ ನಡುವಿನ ಸಂಬಂಧವನ್ನಲ್ಲ. ಹಾಕಲೇಬೇಕೆಂದರೆ ಮೆಟ್ಟಿಲಿನ ಅರ್ಧದಲ್ಲಿ, ಕೆಳಗಿನ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಜಾಗದಲ್ಲಿ ಹಾಕಬೇಕು. ಅಲ್ಲಿ ಹಾಕಿದರೂ ಒಂದು ಮೂಲಭೂತ ಮಿತಿಯನ್ನು ತಪ್ಪಿಸಲಾಗದು. ಒಂದೇ ಚಾನೆಲ್ಲಿನಲ್ಲಿ, ಎಂದರೆ ಪಟ್ಟಿಯ ಒಂದೇ ಸಣ್ಣ ಭಾಗದಲ್ಲಿ, ಕೇಳಿ ಅದೇ ಚಾನೆಲ್ಲಿನಲ್ಲಿ ಮರುಪ್ರಸಾರ ಮಾಡುವ ಸಾಧನದಲ್ಲಿ ಪ್ರತಿಯೊಂದು ಕಂತೂ ಎರಡು ಸಲ ಗಾಳಿಯಲ್ಲಿ ಸಾಗಬೇಕು. ಒಂದು ಚಾನೆಲ್ಲಿನಲ್ಲಿ ಒಂದು ಸಮಯಕ್ಕೆ ಒಬ್ಬರೇ ಮಾತನಾಡಬಹುದಾದ್ದರಿಂದ ಸಿಗುವ ವೇಗ ಅರ್ಧಕ್ಕೆ, ಎಷ್ಟೋ ವೇಳೆ ಅದಕ್ಕೂ ಕೆಳಗೆ ಇಳಿಯುತ್ತದೆ. ಸುದ್ದಿ ಓದುವುದಕ್ಕೆ, ಸಂದೇಶ ಕಳಿಸುವುದಕ್ಕೆ ಅದು ಸಾಕಾದೀತು. ವಿಡಿಯೊ ಕರೆಯಲ್ಲಿ ಪಾಠ ಕೇಳುವ ಮಕ್ಕಳಿಗೆ, ಮನೆಯಿಂದ ಕಚೇರಿಯ ಕೆಲಸ ಮಾಡುವವರಿಗೆ ಸಾಲದು.

ಮೆಶ್ ಎಂಬ ಹೆಸರಿನಲ್ಲಿ ಬರುವ ಎರಡು ಮೂರು ಪೆಟ್ಟಿಗೆಗಳ ಜೋಡಿ ಇದಕ್ಕಿಂತ ಎಷ್ಟೋ ಉತ್ತಮ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅವುಗಳಲ್ಲಿ ಕೆಲವು ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತನಾಡುವುದಕ್ಕೆಂದೇ ಪ್ರತ್ಯೇಕವಾದ ಮೂರನೆಯ ರೇಡಿಯೊ ಒಂದನ್ನು ಇಟ್ಟುಕೊಂಡಿರುತ್ತವೆ, ಹಾಗಾಗಿ ಅರ್ಧವಾಗುವ ತೊಂದರೆ ಬಹಳ ಕಡಿಮೆಯಾಗುತ್ತದೆ. ಮನೆಯವರೆಲ್ಲ ಒಂದೇ ಹೆಸರಿನ ಜಾಲದಲ್ಲಿ ಓಡಾಡಬಹುದು, ಹೊಂದಿಸುವ ಕೆಲಸವೂ ಸುಲಭ. ಆದರೆ ಆ ಪ್ರತ್ಯೇಕ ರೇಡಿಯೊ ಸಾಮಾನ್ಯವಾಗಿ 5 ಅಥವಾ 6 ಗಿಗಾಹರ್ಟ್ಸಿನದು, ಮತ್ತು ಅದೂ ಅದೇ ಸ್ಲ್ಯಾಬನ್ನೇ ದಾಟಬೇಕು. ಇಡೀ ಮನೆಗೆ ತಡೆಯಿಲ್ಲದ ಇಂಟರ್ನೆಟ್ ಎಂದು ಜಾಹೀರಾತಿನಲ್ಲಿ ಹೇಳುವವರು ಚದರ ಅಡಿಗಳ ಲೆಕ್ಕ ಕೊಡುತ್ತಾರೆ, ಸ್ಲ್ಯಾಬುಗಳ ಲೆಕ್ಕವನ್ನು ಯಾರೂ ಕೊಡುವುದಿಲ್ಲ. ಮೆಶ್ ಸಾಧನಗಳ ಹಿಂಬದಿಯಲ್ಲಿ ಈಥರ್ನೆಟ್ (ತಂತಿಯ ಜಾಲದ) ಕೇಬಲ್ ಚುಚ್ಚುವ ಕಿಂಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕೆಳಗಿನ ಮತ್ತು ಮೇಲಿನ ಪೆಟ್ಟಿಗೆಗಳನ್ನು ಆ ಕಿಂಡಿಗಳ ಮೂಲಕ ಒಂದು ಕೇಬಲ್ಲಿನಿಂದ ಕೂಡಿಸಿದಾಗ ಮಾತ್ರ ಅವು ತಮ್ಮ ನಿಜವಾದ ಸಾಮರ್ಥ್ಯವನ್ನು ತೋರುತ್ತವೆ. ಹಾಗಿದ್ದಲ್ಲಿ ಮಾತು ಮತ್ತೆ ಕೇಬಲ್ಲಿಗೇ ಬಂದು ನಿಂತಿತು.

ವಿದ್ಯುತ್ ತಂತಿಯ ಮೇಲೆಯೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರುಗಳೂ ಇವೆ. ಎರಡು ಮಹಡಿಗಳಿಗೆ ಬೇರೆ ಬೇರೆ ಫೇಸ್ ಇದ್ದರೆ, ನಡುವೆ ಸರ್ಜ್ ರಕ್ಷಕಗಳಿದ್ದರೆ, ಅದೇ ಸಾಲಿನಲ್ಲಿ ಮೋಟಾರುಗಳು ಓಡುತ್ತಿದ್ದರೆ ಅವುಗಳ ವೇಗ ಹೇಳಲಾಗದಷ್ಟು ಏರಿಳಿಯುತ್ತದೆ. ಬೇರೆ ದಾರಿಯೇ ಇಲ್ಲದವರು, ಹಿಂತಿರುಗಿಸುವ ಅವಕಾಶವಿದ್ದರೆ, ಪ್ರಯತ್ನಿಸಿ ನೋಡಬಹುದು.

ಕೇಬಲ್ಲಿನ ಲೆಕ್ಕ ಇವೆಲ್ಲಕ್ಕಿಂತ ಸರಳ. ಕ್ಯಾಟ್ 5ಇ ದರ್ಜೆಯ ಈಥರ್ನೆಟ್ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಸಾಗಿಸುತ್ತದೆ. ಕ್ಯಾಟ್ 6 ಅಷ್ಟೇ ದೂರಕ್ಕೆ ಅದೇ ವೇಗವನ್ನು, ಸುಮಾರು 55 ಮೀಟರಿನೊಳಗಾದರೆ 10 ಗಿಗಾಬಿಟ್ಟನ್ನೂ ಸಾಗಿಸಬಲ್ಲದು. ಮಹಡಿಯಿಂದ ಮಹಡಿಗೆ ಬೇಕಾಗುವ ದೂರ ಇದರ ಒಂದು ಸಣ್ಣ ಪಾಲು ಮಾತ್ರ. ಪಕ್ಕದ ಮನೆಯ ವೈ-ಫೈ, ಮೈಕ್ರೊವೇವ್ ಒಲೆ, ಹವಾಮಾನ ಯಾವುದೂ ಅದನ್ನು ಕಾಡುವುದಿಲ್ಲ. ಕೊಳ್ಳುವಾಗ ಒಂದೇ ಎಚ್ಚರಿಕೆ: ಒಳಗಿನ ತಂತಿ ಪೂರ್ತಿ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ತೆಳು ಲೇಪ ಕೊಟ್ಟ ಕೇಬಲ್ಲುಗಳು ನೋಡಲು ಹಾಗೆಯೇ ಕಾಣುತ್ತವೆ, ಆದರೆ ಬಾಗಿಸಿದಲ್ಲಿ ಬೇಗ ಮುರಿಯುತ್ತವೆ. ಕೇಬಲ್ಲಿನೊಳಗೆ ಎಂಟು ತಂತಿಗಳು ನಾಲ್ಕು ಜೊತೆಗಳಾಗಿ ಹೊಸೆದುಕೊಂಡಿರುತ್ತವೆ, ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಕನೆಕ್ಟರ್ ಕೂಡಿಸುವಾಗ ಒಂದು ತಂತಿ ಸರಿಯಾಗಿ ಕೂರದಿದ್ದರೆ ಎಷ್ಟೋ ವೇಳೆ ಜಾಲ ನಿಂತುಹೋಗುವುದಿಲ್ಲ, ಸದ್ದಿಲ್ಲದೆ 100 ಮೆಗಾಬಿಟ್ಟಿಗೆ ಇಳಿಯುತ್ತದೆ. ಎಷ್ಟು ಸಲ ಅಳೆದರೂ ವೇಗ 90ರ ಆಸುಪಾಸಿನಲ್ಲಿಯೇ ನಿಲ್ಲುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಕನೆಕ್ಟರನ್ನು.

ಆ ಕೇಬಲ್ ಸಾಗುವ ದಾರಿಯೇ ನಾನು ಕೇಳುತ್ತಿರುವ ಖಾಲಿ ಪೈಪ್. ಸ್ಲ್ಯಾಬಿಗೆ ಕಂಬಿ ಕಟ್ಟಿ, ವಿದ್ಯುತ್ತಿನ ಪೈಪುಗಳನ್ನು ಹಾಸುವ ಹೊತ್ತಿನಲ್ಲಿ 25 ಮಿಲಿಮೀಟರಿನ ಇನ್ನೊಂದು ಪೈಪನ್ನು ಪ್ರತ್ಯೇಕವಾಗಿ ಹಾಸಿ, ಅದರ ಒಂದು ತುದಿ ಕೆಳಗೆ ರೂಟರ್ ಬರುವ ಜಾಗಕ್ಕೂ ಇನ್ನೊಂದು ತುದಿ ಮೇಲಿನ ಮಹಡಿಯ ನಡುಭಾಗದ ಚಾವಣಿಗೋ ಗೋಡೆಯ ಮೇಲ್ಭಾಗಕ್ಕೋ ಬರುವಂತೆ ಮಾಡಬೇಕು. ಕ್ಯಾಟ್ 6 ಕೇಬಲ್ಲಿನ ದಪ್ಪ ಸುಮಾರು 6 ಮಿಲಿಮೀಟರ್. ಈ ಪೈಪಿನಲ್ಲಿ ಎರಡು ಮೂರು ಕೇಬಲ್ಲುಗಳು ಸಲೀಸಾಗಿ ಹೋಗುತ್ತವೆ, ನಾಳೆ ಫೈಬರ್ ಎಳೆಯಬೇಕೆಂದರೂ ಜಾಗವಿರುತ್ತದೆ. ಒಳಗೆ ಒಂದು ಗಟ್ಟಿಯಾದ ನೈಲಾನ್ ದಾರವನ್ನು ಎಳೆದು ಬಿಟ್ಟಿರಬೇಕು, ತಿರುವುಗಳನ್ನು ಮೊಣಕೈಯಂತೆ ಮುರಿಯದೆ ಅಗಲವಾಗಿ ಬಾಗಿಸಬೇಕು, ಎರಡೂ ತುದಿಗಳನ್ನು ಮುಚ್ಚಿರಬೇಕು. ಇಲ್ಲವಾದರೆ ಕಾಂಕ್ರೀಟಿನ ಹಾಲು ಒಳಗೆ ಇಳಿದು ಗಟ್ಟಿಯಾಗಿ ಪೈಪು ಇದ್ದೂ ಇಲ್ಲದಂತಾಗುತ್ತದೆ. ವಿದ್ಯುತ್ ತಂತಿಯ ಪೈಪಿನಲ್ಲಿಯೇ ಜಾಗವಿದೆಯಲ್ಲ, ಅದರಲ್ಲಿಯೇ ತೂರಿಸೋಣ ಎಂದು ಕೆಲಸಗಾರರು ಹೇಳಿದರೆ ಖಂಡಿತ ಒಪ್ಪಬಾರದು. ಅದು ಸಂಕೇತದ ಗುಣಮಟ್ಟಕ್ಕಿಂತ ಮೊದಲು ಜೀವದ ಸುರಕ್ಷತೆಯ ಪ್ರಶ್ನೆ. ಮೇಲಿನ ತುದಿಯಲ್ಲಿ ವಿದ್ಯುತ್ ಸಾಕೆಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಈಥರ್ನೆಟ್ ಕೇಬಲ್ಲಿನಲ್ಲಿಯೇ ವಿದ್ಯುತ್ತನ್ನೂ ಕಳಿಸುವ ಮಾನದಂಡ 2003ರಿಂದಲೇ ಇದೆ. ಅದರಂತೆ ಕೆಳಗಿನಿಂದ ಕಳಿಸಬಹುದಾದ 15.4 ವಾಟ್, ಆ ಸೌಲಭ್ಯವಿರುವ ಒಂದು ಸಾಧಾರಣ ಆಕ್ಸೆಸ್ ಪಾಯಿಂಟನ್ನು, ಎಂದರೆ ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈ-ಫೈಯಾಗಿ ಹರಡುವ ಪೆಟ್ಟಿಗೆಯನ್ನು, ನಡೆಸಲು ಸಾಕು.

ಈಗಾಗಲೇ ಕಟ್ಟಿ ಮುಗಿದ ಮನೆಗಳ ಪಾಡೇನು ಎಂದು ಓದುಗರು ಕೇಳಬಹುದು. ಸ್ಲ್ಯಾಬಿಗೆ ಕಂಡ ಕಂಡಲ್ಲಿ ರಂಧ್ರ ಕೊರೆಯುವುದನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಒಳಗಿನ ಕಂಬಿಗೆ ಅಥವಾ ವಿದ್ಯುತ್ ಪೈಪಿಗೆ ಪೆಟ್ಟು ಬೀಳಬಹುದು, ಮುಂದೆ ನೀರು ಜಿನುಗಬಹುದು. ಮೆಟ್ಟಿಲಿನ ಗೋಡೆಯ ಅಂಚಿನಲ್ಲಿ ಒಂದು ಸಣ್ಣ ಟೊಳ್ಳು ಪಟ್ಟಿಯೊಳಗೆ ಕೇಬಲ್ ಏರಿಸುವುದು ಎಲ್ಲಕ್ಕಿಂತ ಸುಲಭ. ನೋಟಕ್ಕೆ ಅಷ್ಟು ಚೆನ್ನಾಗಿರುವುದಿಲ್ಲ ಎಂಬುದೊಂದೇ ಆಕ್ಷೇಪ, ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದರೆ ಅದೂ ಉಳಿಯುವುದಿಲ್ಲ. ಬಳಕೆಯಲ್ಲಿಲ್ಲದ ಹಳೆಯ ದೂರವಾಣಿಯ ಅಥವಾ ಟಿವಿ ಕೇಬಲ್ಲಿನ ಪೈಪು ಮೇಲಿನವರೆಗೆ ಹೋಗಿದ್ದರೆ ಅದರೊಳಗಿನ ಹಳೆಯ ತಂತಿಗೆ ಹೊಸ ಕೇಬಲ್ ಕಟ್ಟಿ ಎಳೆಯಬಹುದು. ಹೊರಗೋಡೆಯ ಮೇಲೆ ಸಾಗಿಸುವುದಾದರೆ ಬಿಸಿಲು ತಡೆಯುವ ಹೊರಾಂಗಣ ಕೇಬಲ್ಲನ್ನೇ ಬಳಸಬೇಕು; ಸಿಡಿಲಿನ ಭಯ ಹೆಚ್ಚಿರುವೆಡೆ ಲೋಹವೇ ಇಲ್ಲದ ಫೈಬರ್ ಹೆಚ್ಚು ಸುರಕ್ಷಿತ. ಬಾಡಿಗೆ ಮನೆಯಲ್ಲಿ ಇದಾವುದಕ್ಕೂ ಅನುಮತಿ ಸಿಗದವರಿಗೆ ಮೆಟ್ಟಿಲ ಬಳಿಯ ರೂಟರ್, ಪ್ರತ್ಯೇಕ ರೇಡಿಯೊ ಉಳ್ಳ ಮೆಶ್, ಇವೆರಡೇ ಗತಿ.

ಮೇಲಿನ ತುದಿಗೆ ಹೊಸ ಸಾಧನವನ್ನೇ ಕೊಳ್ಳಬೇಕೆಂದಿಲ್ಲ. ಅನೇಕ ಮನೆಗಳಲ್ಲಿ ಅಟ್ಟ ಸೇರಿರುವ ಹಳೆಯ ರೂಟರನ್ನೇ ಆಕ್ಸೆಸ್ ಪಾಯಿಂಟಾಗಿ ಬಳಸಬಹುದು. ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂದಿದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದಲ್ಲಿ ಕೆಳಗಿನ ರೂಟರಿನ ವಿಳಾಸ 192.168.1.1 ಆಗಿದ್ದರೆ ಮೇಲಿನದಕ್ಕೆ 192.168.1.2 ಎಂಬಂತೆ, ಕೆಳಗಿನ ರೂಟರ್ ಇತರರಿಗೆ ಹಂಚದ ಒಂದು ವಿಳಾಸ ಕೊಟ್ಟು, ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಯನ್ನು) ನಿಲ್ಲಿಸಿ, ಕೇಬಲ್ಲನ್ನು ಹೊರಗಿನ ಇಂಟರ್ನೆಟ್ ಸಂಪರ್ಕಕ್ಕೆಂದಿರುವ ಅದರ ವ್ಯಾನ್ ಕಿಂಡಿಗೆ ಚುಚ್ಚದೆ ಮನೆಯೊಳಗಿನ ಜಾಲಕ್ಕೆಂದಿರುವ ಲ್ಯಾನ್ ಕಿಂಡಿಗೆ ಚುಚ್ಚಬೇಕು. ಡಿಎಚ್‌ಸಿಪಿಯನ್ನು ನಿಲ್ಲಿಸದಿದ್ದರೆ ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚತೊಡಗಿ, ಕೆಲವು ಫೋನುಗಳಿಗೆ ಇಂಟರ್ನೆಟ್ ಬಂದು ಕೆಲವಕ್ಕೆ ಬಾರದ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ವ್ಯಾನ್ ಕಿಂಡಿಗೆ ಚುಚ್ಚಿದರೆ ಮೇಲಿನ ಮಹಡಿ ಬೇರೆಯದೇ ಜಾಲವಾಗಿ, ಮೇಲಿರುವ ಕಂಪ್ಯೂಟರಿಗೂ ಕೆಳಗಿರುವ ಪ್ರಿಂಟರಿಗೂ ಸಂಪರ್ಕ ತಪ್ಪಬಹುದು. ಆದರೆ ಹಳೆಯ ರೂಟರಿಗೆ ಡಬ್ಲ್ಯುಪಿಎ2 ಮಟ್ಟದ ಭದ್ರತೆಯೂ ಇಲ್ಲವಾದರೆ, ಅಥವಾ ಅದರ ಕಿಂಡಿಗಳೇ 100 ಮೆಗಾಬಿಟ್ಟಿನವಾದರೆ, ಅದನ್ನು ಅಟ್ಟದಲ್ಲಿಯೇ ಬಿಡುವುದು ಲೇಸು.

ಎರಡೂ ಮಹಡಿಗಳ ವೈ-ಫೈಗೆ ಒಂದೇ ಹೆಸರು, ಒಂದೇ ಗುಪ್ತಪದ, ಒಂದೇ ಬಗೆಯ ಭದ್ರತೆ ಇಡಬೇಕು, 2.4 ಗಿಗಾಹರ್ಟ್ಸಿನ ಚಾನೆಲ್ ಮಾತ್ರ ಬೇರೆಯಾಗಿರಬೇಕು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳೆಂದು ಎಲ್ಲೆಡೆ ಬಳಕೆಯಲ್ಲಿರುವವು 1, 6 ಮತ್ತು 11. ಕೆಳಗೆ 1 ಇದ್ದರೆ ಮೇಲೆ 6 ಅಥವಾ 11 ಇಡಬೇಕು, 2 ಅಥವಾ 3 ಅಲ್ಲ. ಇಷ್ಟಾದ ಮೇಲೂ ಮೆಟ್ಟಿಲೇರಿ ಹೋದವರ ಫೋನು ಕೆಲವೊಮ್ಮೆ ಕೆಳಗಿನ ರೂಟರಿನ ಕೃಶವಾದ ಸಂಕೇತವನ್ನೇ ಹಿಡಿದುಕೊಂಡಿರುವುದುಂಟು. ಯಾವ ಸಾಧನಕ್ಕೆ ಅಂಟಿಕೊಳ್ಳಬೇಕು ಎಂದು ಕೊನೆಗೆ ನಿರ್ಧರಿಸುವುದು ಫೋನೇ ಹೊರತು ರೂಟರಲ್ಲ. ಇಂಥಲ್ಲಿ ಕೆಳಗಿನ ರೂಟರಿನ ಪ್ರಸಾರ ಶಕ್ತಿಯನ್ನು ಹೆಚ್ಚಿಸುವ ಬದಲು ತಗ್ಗಿಸಬೇಕು. ಆಗ ಫೋನು ಬೇಗನೆ ಅದರ ಆಸೆ ಬಿಟ್ಟು ಹತ್ತಿರದ್ದನ್ನು ಹುಡುಕಿಕೊಳ್ಳುತ್ತದೆ. ಶಕ್ತಿ ಹೆಚ್ಚಿಸುವುದೇ ಪರಿಹಾರವೆಂದು ನಂಬಿದವರಿಗೆ ಇದು ತಲೆಕೆಳಗಾದ ಮಾತಿನಂತೆ ಕಾಣಬಹುದು.

ಏನನ್ನಾದರೂ ಕೊಳ್ಳುವ ಮೊದಲು ಅಳೆದು ನೋಡುವ ಅಭ್ಯಾಸವನ್ನು ತಮ್ಮ ಅಂಕಣ ಓದುಗರಿಗೆ ಕಲಿಸಿದರೆ ದೊಡ್ಡ ಉಪಕಾರವಾದೀತು. ರೂಟರಿಗೆ ಕಂಪ್ಯೂಟರನ್ನು ಕೇಬಲ್ಲಿನಿಂದಲೇ ಕೂಡಿಸಿ ಅಳೆದಾಗಲೂ ವೇಗ ಕಡಿಮೆಯಿದ್ದರೆ ದೋಷ ಹೊರಗಿನಿಂದ ಬರುವ ಸಂಪರ್ಕದಲ್ಲಿದೆ, ಮನೆಯೊಳಗೆ ಯಾವ ಸಾಧನ ಹಾಕಿದರೂ ಅದು ಸರಿಹೋಗುವುದಿಲ್ಲ. ಅಲ್ಲಿ ಸರಿಯಿದ್ದರೆ, ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವ ಒಂದು ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡು ಕೋಣೆಯಿಂದ ಕೋಣೆಗೆ ನಡೆಯಬೇಕು. ಈ ಸಂಖ್ಯೆ ಋಣಾತ್ಮಕವಾಗಿರುತ್ತದೆ: -50 ಎಂದರೆ ಬಹಳ ಚೆನ್ನಾಗಿದೆ, -67ರವರೆಗೆ ವಿಡಿಯೊ ಕರೆ ನಿರಾತಂಕವಾಗಿ ನಡೆಯುತ್ತದೆ, -80ಕ್ಕೆ ಇಳಿದರೆ ಸಂಪರ್ಕ ಇದೆ ಎನ್ನುವುದು ಹೆಸರಿಗೆ ಮಾತ್ರ. ಮೆಟ್ಟಿಲಿನ ಕೆಳತುದಿಯಲ್ಲಿ ಎಷ್ಟು, ಮೇಲ್ತುದಿಯಲ್ಲಿ ಎಷ್ಟು, ಮೂಲೆಯ ಕೋಣೆಯಲ್ಲಿ ಎಷ್ಟು ಎಂದು ಬರೆದುಕೊಂಡರೆ ಸ್ಲ್ಯಾಬು ಎಷ್ಟನ್ನು ನುಂಗಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಒಂದೇ ಜಾಗದಲ್ಲಿ ಎರಡೂ ಪಟ್ಟಿಗಳನ್ನು ಪ್ರತ್ಯೇಕವಾಗಿ ಅಳೆಯುವುದು ಒಳ್ಳೆಯದು.

ಇಷ್ಟನ್ನು ಬರೆದದ್ದು ಮನೆಯವರ ಮೇಲೆ ತಪ್ಪು ಹೊರಿಸುವುದಕ್ಕಲ್ಲ. ನಕ್ಷೆ ಬರೆಯುವ ಎಂಜಿನಿಯರುಗಳು ಟಿವಿಗೆ, ಗೀಸರಿಗೆ, ಫ್ಯಾನಿಗೆ ಗುರುತು ಹಾಕುತ್ತಾರೆ. ವೈ-ಫೈಗೆ ತಂತಿ ಬೇಕಿಲ್ಲವಲ್ಲ ಎಂದು ಅದನ್ನು ಬಿಟ್ಟುಬಿಡುತ್ತಾರೆ. ಸಂಪರ್ಕ ಕೊಡಲು ಬರುವ ತಂತ್ರಜ್ಞರು ಕೇಬಲ್ ಒಳಬರುವ ಮೊದಲ ಕಿಟಕಿಯ ಪಕ್ಕದಲ್ಲಿಯೇ ರೂಟರನ್ನು ನೇತುಹಾಕಿ ಹೊರಟುಹೋಗುತ್ತಾರೆ, ಮತ್ತು ಆ ಕಿಟಕಿ ಮನೆಯ ಒಂದು ಕೊನೆಯಲ್ಲಿರುತ್ತದೆ. ಇಬ್ಬರ ನಡುವೆ ಆ ಪೈಪನ್ನು ನೆನಪಿಸುವವರು ಯಾರೂ ಇಲ್ಲ. ಪತ್ರಿಕೆ ಆ ಕೆಲಸ ಮಾಡಬಹುದು. ಮುಂದಿನ ಬಾರಿ ತಮ್ಮ ಪುಟದಲ್ಲಿ ಎರಡು ಮಹಡಿಯ ಮನೆಯ ನಕ್ಷೆಯನ್ನು ಪ್ರಕಟಿಸುವಾಗ ವಿದ್ಯುತ್ ಪಾಯಿಂಟುಗಳ ಜೊತೆಗೆ ರೂಟರಿನ ಜಾಗ, ಮೇಲಿನ ಮಹಡಿಯ ಆಕ್ಸೆಸ್ ಪಾಯಿಂಟಿನ ಜಾಗ ಮತ್ತು ಅವೆರಡನ್ನು ಕೂಡಿಸುವ ಪೈಪಿನ ಗೆರೆಯನ್ನೂ ಗುರುತಿಸಿ, ಸ್ಲ್ಯಾಬ್ ಹಾಕುವ ಮುನ್ನ ಪರಿಶೀಲಿಸಬೇಕಾದ ಸಂಗತಿಗಳ ಪಟ್ಟಿಗೆ ಅದನ್ನು ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ